ನಿಪ್ಪಾಣಿಗೆ ಹೋದರೆ ಮಗಳ ಕನ್ನಡ ಏನಾಗುತ್ತದೆ?

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದಾರೆ, ಈಗ ನಿಪ್ಪಾಣಿಗೆ ವರ್ಗ ಆಗಿದೆ. ಮೇ ಕೊನೆಗೆ ಹೊರಡಬೇಕು. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು ಮುಗಿಸಿದ್ದಾಳೆ. ನಮಗೆ ಯಾರಿಗೂ ಮರಾಠಿ ಬರುವುದಿಲ್ಲ. ಅಲ್ಲಿ ಕನ್ನಡ ಮಾತಾಡಿದರೆ ಯಾರೂ ಉತ್ತರ ಕೊಡುವುದಿಲ್ಲ ಅಂತ ಒಬ್ಬರು ಹೆದರಿಸುತ್ತಾರೆ. ಅದು ಗಲಾಟೆಯ ಊರು ಅಂತ ಇನ್ನೊಬ್ಬರು. ಅಲ್ಲಿಯ ಕನ್ನಡ ಅರ್ಧ ಮರಾಠಿಯಂತೆ, ಹೌದಾ? ಮಗಳ ಕನ್ನಡ ಕೆಟ್ಟುಹೋಗುತ್ತದಾ? ಬದುಕು ಹೇಗಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರ ಓದಿ ನನಗೆ ಖುಷಿಯೇ ಆಯಿತು. ಗಡಿ ಊರಿಗೆ ವರ್ಗವಾದರೆ ತುಂಬಾ ಜನ ಮನೆ ಬಾಡಿಗೆ ಎಷ್ಟು, ಸ್ಕೂಲು ಎಲ್ಲಿ ಅಂತ ಮಾತ್ರ ವಿಚಾರಿಸುತ್ತಾರೆ. ನೀವು ಮಾತಿನ ಬಗ್ಗೆ ಕೇಳಿದ್ದೀರಿ. ಗಡಿಭಾಗದ ಶಾಲೆಗಳಲ್ಲಿ ಭಾಷೆ ಕಲಿಸುವ ಶಿಕ್ಷಕರ ಜೊತೆ ಕೆಲಸ ಮಾಡುತ್ತಾ ನನಗೆ ಬಹಳ ವರ್ಷಗಳಾದವು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಊರು ಎಲ್ಲಿದೆ ಅಂತ ನೋಡಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ತವಂದಿ ಘಾಟ್ ಇಳಿದರೆ ನಿಪ್ಪಾಣಿ. ಅಲ್ಲಿಂದ ಮುಂದೆ ಕೊಗನೊಳಿ, ಆಮೇಲೆ ದೂಧಗಂಗಾ ನದಿ, ಅದರಾಚೆ ಮಹಾರಾಷ್ಟ್ರದ ಕಾಗಲ್. ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ನಮ್ಮ ಜಿಲ್ಲಾ ಕೇಂದ್ರ ಬೆಳಗಾವಿ ಅದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೂರ. ಅಲ್ಲಿಯ ಜನರ ಬದುಕು ಅರ್ಧಕ್ಕರ್ಧ ಈ ಲೆಕ್ಕದ ಮೇಲೆಯೇ ನಡೆಯುತ್ತದೆ. ಹೊಲದ ಉತಾರ ಅಂದರೆ ಪಹಣಿ, ರೇಷನ್ ಕಾರ್ಡು, ಕೋರ್ಟು ಕೆಲಸಕ್ಕೆ ಈ ಕಡೆ. ದೊಡ್ಡ ಆಸ್ಪತ್ರೆ, ಮದುವೆ ಬಟ್ಟೆ, ಮಹಾಲಕ್ಷ್ಮಿ ದರ್ಶನಕ್ಕೆ ಆ ಕಡೆ. ಹೆಣ್ಣು ಕೊಟ್ಟು ತರುವುದು ಎರಡೂ ಕಡೆ.

ಇನ್ನು ನಿಮ್ಮ ಮೊದಲ ಭಯ. ಕನ್ನಡ ಮಾತಾಡಿದರೆ ಉತ್ತರ ಸಿಗುವುದಿಲ್ಲ ಅನ್ನುವುದು ಸುಳ್ಳು. ನಿಪ್ಪಾಣಿಯ ಪೇಟೆಯಲ್ಲಿ ಮರಾಠಿ ಜಾಸ್ತಿ ಕಿವಿಗೆ ಬೀಳುತ್ತದೆ, ಅದು ನಿಜ. ಆದರೆ ಸುತ್ತಲಿನ ಹಳ್ಳಿಗಳಿಂದ ಸಂತೆಗೆ ಬರುವ ರೈತರಲ್ಲಿ ಎಷ್ಟೋ ಜನರ ಮನೆಮಾತು ಕನ್ನಡ. ಜೈನ ಮತ್ತು ಲಿಂಗಾಯತ ಮನೆಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಒಲೆಯ ಮುಂದೆ ಕನ್ನಡ, ಅಂಗಡಿಯಲ್ಲಿ ಮರಾಠಿ, ಕಚೇರಿಯಲ್ಲಿ ಮತ್ತೆ ಕನ್ನಡ. ಮುಸಲ್ಮಾನರ ಮನೆಗಳಲ್ಲಿ ದಖ್ಖನಿ ಉರ್ದು. ಒಬ್ಬನೇ ಮನುಷ್ಯ ಬೆಳಿಗ್ಗೆಯಿಂದ ಸಂಜೆಯೊಳಗೆ ಎರಡು ಮೂರು ಮಾತು ಬದಲಿಸುತ್ತಾನೆ. ತಾನು ಬದಲಿಸಿದೆ ಅಂತ ಅವನಿಗೆ ಗೊತ್ತೇ ಆಗುವುದಿಲ್ಲ.

ಹೊಸದಾಗಿ ಹೋದವರು ಎಡವುವುದು ಇಲ್ಲೇ. ಪ್ರತಿಯೊಬ್ಬರನ್ನೂ ನೋಡಿ, ಇವರು ಕನ್ನಡದವರಾ ಮರಾಠಿಯವರಾ ಅಂತ ಮನಸ್ಸಿನಲ್ಲೇ ವಿಂಗಡಿಸಲು ಶುರು ಮಾಡುತ್ತಾರೆ. ಹೆಸರು ನೋಡಿ ಗುರುತು ಹಿಡಿಯುತ್ತೇನೆ ಅಂದರೆ ಆಗುವುದಿಲ್ಲ. ಪಾಟೀಲ ಅನ್ನುವ ಅಡ್ಡಹೆಸರು ಎರಡೂ ಕಡೆ ಇದೆ. ಊರಿನ ಹೆಸರಿಗೆ 'ಕರ' ಸೇರಿಸಿಕೊಂಡವರು ಮನೆಯಲ್ಲಿ ಅಚ್ಚ ಕನ್ನಡ ಆಡುವುದುಂಟು. ನೀವು ಬೇರೆ ಒಂದು ವಿಷಯ ಗಮನಿಸಿ: ಯಾರು ಯಾರ ಜೊತೆ, ಯಾವ ಕೆಲಸಕ್ಕೆ, ಯಾವ ಮಾತು ಆಡುತ್ತಾರೆ? ಹದಿನೈದು ದಿನ ಸುಮ್ನೆ ಕೇಳಿಸಿಕೊಳ್ಳಿ. ತರಕಾರಿ ಮಾರುವ ಅಜ್ಜಿ ತನ್ನ ಮಗಳ ಜೊತೆ ಒಂದು ಮಾತು, ಗಿರಾಕಿಯ ಜೊತೆ ಇನ್ನೊಂದು ಮಾತು ಆಡುವುದು ಕಾಣುತ್ತದೆ. ನಿಮ್ಮ ಜೊತೆ ಅವಳು ಯಾವ ಮಾತು ಆಡಬೇಕು ಅನ್ನುವುದು ನೀವು ಬಾಯಿ ತೆರೆದ ಮೊದಲ ಕ್ಷಣದಲ್ಲೇ ನಿಶ್ಚಯವಾಗಿಬಿಡುತ್ತದೆ. ಕನ್ನಡದಲ್ಲಿ ಕೇಳಿದರೆ ಹೆಚ್ಚಿನ ಸಲ ಕನ್ನಡದಲ್ಲೇ ಉತ್ತರ ಬರುತ್ತದೆ. ಬರದಿದ್ದರೆ ಅವಳಿಗೆ ಬಾರದು ಅಷ್ಟೇ, ಸಿಟ್ಟು ಅಂತ ತಿಳಿಯಬೇಡಿ. ದಯವಿಟ್ಟು ಹಿಂದಿಗೆ ಮಾತ್ರ ಹಾರಬೇಡಿ. ಎರಡು ಭಾಷೆ ಬಲ್ಲ ಊರಿನಲ್ಲಿ ಮೂರನೆಯದನ್ನು ಮಧ್ಯ ತಂದರೆ ಇಬ್ಬರೂ ದೂರವೇ ಉಳಿಯುತ್ತಾರೆ.

ಮೊದಮೊದಲು ಒಂದೆರಡು ಕಡೆ ಗೊಂದಲ ಆಗುತ್ತದೆ. ಅಂಗಡಿಯವನು ನಿಮ್ಮನ್ನು 'ತಾಈ' ಅನ್ನುತ್ತಾನೆ. ನಿಮಗೆ ಅದು 'ತಾಯಿ' ಅಂತ ಕೇಳಿಸುತ್ತದೆ. ಅವನು ಹೇಳಿದ್ದು ಅಕ್ಕ ಅಂತ. ಮರಾಠಿಯಲ್ಲಿ ತಾಯಿಗೆ 'ಆಈ'. ನೀವು ಹೇಳಿದ್ದಕ್ಕೆ ಅವನು 'ಬರಂ, ಬರಂ' ಅಂದರೆ 'ಸರಿ, ಸರಿ' ಅಂತ ಅರ್ಥ. ನಿಮ್ಮ ಮಂಡಕ್ಕಿ ಅಲ್ಲಿ ಚುರಮುರಿ. ಈರುಳ್ಳಿ ಕನ್ನಡದವರ ಬಾಯಲ್ಲಿ ಉಳ್ಳಾಗಡ್ಡಿ, ಮರಾಠಿಯವರ ಬಾಯಲ್ಲಿ ಕಾಂದಾ. ಚಿಕ್ಕಪ್ಪನಿಗೆ ಇಬ್ಬರೂ ಕಾಕಾ ಅನ್ನುತ್ತಾರೆ, ಅತ್ತಿಗೆಗೆ ವೈನಿ. ಅಣ್ಣ, ಅಕ್ಕ ಕನ್ನಡದಿಂದ ಮರಾಠಿಗೆ ಹೋದ ಮಾತುಗಳು. ಮರಾಠಿಯವರ 'ತೂಪ್' ಕೇಳಿದ ಕೂಡಲೇ ನಿಮಗೆ ತುಪ್ಪ ನೆನಪಾಗುತ್ತದೆ. 'ಅಡಕಿತ್ತಾ' ಅಂದರೆ ನಮ್ಮ ಅಡಕೊತ್ತು. 'ಶಿಕ್ಷಾ' ಅಂದರೆ ಹಿಂದಿಯಲ್ಲಿ ವಿದ್ಯೆ, ಮರಾಠಿಯಲ್ಲಿ ಕನ್ನಡದ ಹಾಗೆಯೇ ದಂಡನೆ. ನಿಮ್ಮ ಮಗಳಿಗೆ ಮರಾಠಿ ನೀವು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ, ನೋಡುತ್ತಿರಿ.

ಈಗ ಆ 'ಅರ್ಧ ಮರಾಠಿ' ಮಾತಿಗೆ ಬರೋಣ. ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಗಡಿ ಕನ್ನಡ ಕಲಬೆರಕೆ, ಕೆಟ್ಟ ಕನ್ನಡ ಅಂತ ನಮ್ಮವರೇ ಹೇಳುತ್ತಾರೆ. ಅದೇ ರೀತಿ ಪುಣೆಯ ಕಡೆಯವರು ಗಡಿಯ ಮರಾಠಿಯನ್ನು ಹಳಿಯುತ್ತಾರೆ. ನಿಪ್ಪಾಣಿಯಿಂದ ತುಂಬಾ ದೂರವಿಲ್ಲದ, ಸಾಂಗಲಿ ಪಕ್ಕದ ಕುಪವಾಡ ಅನ್ನುವ ಊರಿನ ಬಗ್ಗೆ ಪ್ರಪಂಚದ ಭಾಷಾಶಾಸ್ತ್ರದ ಎಷ್ಟೋ ವಿದ್ಯಾರ್ಥಿಗಳು ಓದಿರುತ್ತಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅನ್ನುವ ಇಬ್ಬರು ವಿದ್ವಾಂಸರು ಅಲ್ಲಿಯ ಮಾತುಗಳನ್ನು ಅಧ್ಯಯನ ಮಾಡಿ 1971ರಲ್ಲಿ ಲೇಖನ ಪ್ರಕಟಿಸಿದರು. ಆಗ ಅದು ಸುಮಾರು 3000 ಜನರ ಹಳ್ಳಿ. ಜೈನರು ಮತ್ತು ಲಿಂಗಾಯತರು ಕನ್ನಡ ಆಡುತ್ತಿದ್ದರು. ಮುಸಲ್ಮಾನರದು ಉರ್ದು. ಉಳಿದ ಕೆಲವರದು ಮರಾಠಿ. ಎಲ್ಲರೂ ಎಲ್ಲರ ಜೊತೆ ನೂರಾರು ವರ್ಷ ವ್ಯವಹಾರ ಮಾಡಿಕೊಂಡು ಬಂದಿದ್ದರು.

ಅವರು ಕಂಡದ್ದು ಏನು ಗೊತ್ತಾ? ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದಿವೆ. ಆದರೆ ವಾಕ್ಯ ಕಟ್ಟುವ ಕ್ರಮ ಮೂರೂ ಭಾಷೆಯಲ್ಲಿ ಒಂದೇ ಆಗಿಬಿಟ್ಟಿದೆ. ಒಂದರ ಶಬ್ದ ತೆಗೆದು ಇನ್ನೊಂದರ ಶಬ್ದ ಅದೇ ಜಾಗದಲ್ಲಿ ಇಟ್ಟರೆ ಸಾಕು. ಇದರ ರುಚಿ ನೋಡಲು ಕುಪವಾಡಕ್ಕೇ ಹೋಗಬೇಕಿಲ್ಲ. ನಿಪ್ಪಾಣಿಯ ಬೀದಿಯಲ್ಲಿ ನಿಂತರೂ ಸಿಗುತ್ತದೆ. ಕನ್ನಡದವರು 'ಮಳಿ ಬಂತು ಅಂತ ಬರಲಿಲ್ಲ' ಅನ್ನುತ್ತಾರೆ. ಮರಾಠಿಯವರು 'ಪಾವೂಸ್ ಆಲಾ ಮ್ಹಣೂನ್ ಆಲೋ ನಾಹೀ' ಅನ್ನುತ್ತಾರೆ. ದಖ್ಖನಿಯವರು 'ಬಾರಿಶ್ ಆಯಾ ಬೋಲ್ಕೆ ನೈ ಆಯಾ' ಅನ್ನುತ್ತಾರೆ. ಅಂತ, ಮ್ಹಣೂನ್, ಬೋಲ್ಕೆ: ಮೂರೂ 'ಹೇಳು' ಅನ್ನುವ ಅರ್ಥದ ಕ್ರಿಯಾಪದದಿಂದಲೇ ಬಂದವು, ಮೂರೂ ವಾಕ್ಯದಲ್ಲಿ ಒಂದೇ ಜಾಗದಲ್ಲಿ ಕೂತಿವೆ. ನೀವು 'ಇದು ನಿಮ್ಮ ಮನೆ' ಅಂತ ನಿಲ್ಲಿಸುವ ಕಡೆ ಅವರು 'ಇದು ನಿಮ್ಮ ಮನಿ ಐತಿ' ಅನ್ನುವುದನ್ನು ಕೇಳಿದರೆ, ಆ 'ಐತಿ'ಯ ಹಿಂದೆ ಮರಾಠಿಯ 'ಆಹೇ' ಇದೆ ಅಂತ ತಿಳಿಯಿರಿ. ಇದು ಯಾರೋ ಸರಿಯಾಗಿ ಕಲಿಯದೆ ಕೆಡಿಸಿದ ಮಾತಲ್ಲ. ಹತ್ತಾರು ತಲೆಮಾರು ಒಬ್ಬರಿಗೊಬ್ಬರು ಅರ್ಥವಾಗಬೇಕು ಅಂತ ಪ್ರಯತ್ನಪಟ್ಟಿದ್ದರ ಗುರುತು. ನಿಮ್ಮ ಮಗಳು ನಾಳೆ 'ಚೊಲೋ ಐತಿ', 'ಬ್ಯಾಡ', 'ಹೋಗೂಣು' ಅಂದರೆ ದಯವಿಟ್ಟು ತಿದ್ದಬೇಡಿ. ಅವಳ ಕನ್ನಡಕ್ಕೆ ಇನ್ನೊಂದು ಕೋಣೆ ಕಟ್ಟಿದ ಹಾಗೆ ಆಗುತ್ತದೆ ಅಷ್ಟೇ. ಅಜ್ಜಿಯ ಮನೆಗೆ ದಾವಣಗೆರೆಗೆ ಬಂದಾಗ ಅವಳು ತಾನಾಗಿಯೇ ಮಾತು ಬದಲಿಸುತ್ತಾಳೆ. ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಚಿಂತೆ ಮಾಡುವಂಥದ್ದು ಏನೂ ಇಲ್ಲವಾ? ಒಂದು ಇದೆ. ಅದು ಮಾತಲ್ಲ, ಓದು ಮತ್ತು ಬರಹ.

ಇದನ್ನು ನಾನು ತುಂಬಾ ಮಕ್ಕಳಲ್ಲಿ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತೇನೆ. ಗಡಿ ಊರಿನ ಮಗು ಮಾತಿನಲ್ಲಿ ಬಲು ಚುರುಕು. ಕನ್ನಡ, ಮರಾಠಿ ಎರಡನ್ನೂ ಗಳಗಳ ಆಡುತ್ತದೆ. ಮೇಷ್ಟ್ರಿಗೂ ಅಪ್ಪ-ಅಮ್ಮನಿಗೂ ಅದನ್ನು ಕಂಡು ಸಂತೋಷ. ಆದರೆ ಅದೇ ಮಗುವಿನ ಕೈಯಲ್ಲಿ ಒಂದು ಪುಟ ಕಥೆ ಕೊಟ್ಟರೆ ಎರಡೂ ಭಾಷೆಯಲ್ಲಿ ತಡವರಿಸುತ್ತದೆ. ಬೀದಿ ಮಾತನ್ನು ಕಲಿಸುತ್ತದೆ, ಲಿಪಿಯನ್ನು ಕಲಿಸುವುದಿಲ್ಲ. ಮರಾಠಿಗೆ ದೇವನಾಗರಿ, ಕನ್ನಡಕ್ಕೆ ಕನ್ನಡ ಲಿಪಿ, ಜೊತೆಗೆ ಇಂಗ್ಲಿಷಿನ ಎ ಬಿ ಸಿ ಡಿ. ಏಳು ವರ್ಷಕ್ಕೆ ಮೂರು ಲಿಪಿ ಒಟ್ಟಿಗೆ ಬಂದಾಗ ಯಾವುದಾದರೂ ಒಂದು ಗಟ್ಟಿ ಇರಬೇಕು. ಒಂದರಲ್ಲಿ ಸರಾಗವಾಗಿ ಓದುವ ಮಗು ಉಳಿದ ಎರಡನ್ನು ಅದರ ಮೇಲೆ ಕಟ್ಟಿಕೊಳ್ಳುತ್ತದೆ. ಮೂರೂ ಅರ್ಧಂಬರ್ಧ ಆದರೆ ಮುಂದೆ ಗಣಿತ, ವಿಜ್ಞಾನದ ಪುಸ್ತಕವೂ ಕಷ್ಟವಾಗುತ್ತದೆ.

ನಿಮ್ಮ ಮಗಳು ಎರಡು ವರ್ಷ ಕನ್ನಡ ಅಕ್ಷರ ಕಲಿತಿದ್ದಾಳೆ. ಅದನ್ನೇ ಗಟ್ಟಿ ಮಾಡಿ. ನಿಪ್ಪಾಣಿಯಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಮಾಧ್ಯಮದ ಶಾಲೆಗಳು ಇವೆ. ನನ್ನ ಸಲಹೆ ಕೇಳಿದರೆ ಐದನೇ ಕ್ಲಾಸಿನವರೆಗಾದರೂ ಕನ್ನಡ ಮಾಧ್ಯಮ. ಇಂಗ್ಲಿಷ್ ಮಾಧ್ಯಮವೇ ಬೇಕು ಅಂತ ಮನೆಯಲ್ಲಿ ತೀರ್ಮಾನವಾದರೆ ಕನ್ನಡ ಮೊದಲ ಭಾಷೆ ಇರುವ ಶಾಲೆ ನೋಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲನೇ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಆದರೆ ಕಾಯ್ದೆ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಸೇರಿಸುವ ಮೊದಲು ಮೂರನೇ ಕ್ಲಾಸಿನ ಮಕ್ಕಳ ಕನ್ನಡ ನೋಟ್‌ಬುಕ್ ಒಂದನ್ನು ಕೇಳಿ ನೋಡಿ. ಬರೀ ಬೋರ್ಡಿನಿಂದ ನಕಲು ಮಾಡಿದ್ದಾರಾ, ತಮ್ಮದೇ ನಾಲ್ಕು ಸಾಲು ಬರೆದಿದ್ದಾರಾ ಅನ್ನುವುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಕನ್ನಡ ಜೋರಾಗಿ ಓದಿಸಿ. ವಾರಕ್ಕೊಂದು ಪತ್ರ ಅಜ್ಜಿಗೆ ಬರೆಸಿ, ಅಂಚೆಗೆ ಹಾಕಿ. ಫೋನಿನಲ್ಲಿ ಮಾತಾಡುವುದು ಇದಕ್ಕೆ ಬದಲಿ ಆಗುವುದಿಲ್ಲ. ಕಥೆ ಪುಸ್ತಕಗಳನ್ನು ದಾವಣಗೆರೆಯಿಂದಲೇ ಹೊತ್ತುಕೊಂಡು ಹೋಗಿ. ಅಲ್ಲಿ ಮನೆಮನೆಗೆ ಬರುವ ಪೇಪರು ಹೆಚ್ಚಾಗಿ ಮರಾಠಿ, ಕನ್ನಡ ಪೇಪರನ್ನು ನೀವೇ ಹೇಳಿ ಹಾಕಿಸಿಕೊಳ್ಳಬೇಕು. ಮರಾಠಿಯನ್ನು ನೀವು ಕಲಿಸುವುದು ಬೇಡ, ಬೀದಿಯ ಗೆಳತಿಯರು ಕಲಿಸುತ್ತಾರೆ. ಅವಳು ಮರಾಠಿ ಆಡಿದರೆ ಗದರಿಸಬೇಡಿ, ಮನೆಗೆ ಬಂದ ಅವಳ ಗೆಳತಿಗೆ ಕನ್ನಡ ಬರಬೇಕು ಅಂತ ಹಟ ಮಾಡಬೇಡಿ. ಆ ಹುಡುಗಿಯ ಹೊಟ್ಟೆಗೆ ಒಂದು ದೋಸೆ ಹಾಕಿ ಸಾಕು, ಕನ್ನಡ ತಾನಾಗಿ ಬರುತ್ತದೆ.

ಮೂರನೆಯದು, ಗಲಾಟೆ. ಇದನ್ನು ಮುಚ್ಚಿಡುವುದಿಲ್ಲ. 1956ರವರೆಗೆ ಇಡೀ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ರಾಜ್ಯಗಳು ಭಾಷೆಯ ಮೇಲೆ ಹಂಚಿಕೆಯಾದಾಗ ಚಂದಗಡ ತಾಲ್ಲೂಕು ಬಿಟ್ಟು ಉಳಿದದ್ದು ಆಗಿನ ಮೈಸೂರು ರಾಜ್ಯಕ್ಕೆ ಬಂತು. ಅಲ್ಲಿಂದ ಜಗಳ ಶುರು. ಈ ಗಡಿ ಜಗಳ ಬಿಡಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ನಾವು ಕರ್ನಾಟಕದವರು ಆ ವರದಿಯೇ ಅಂತಿಮ ಅನ್ನುತ್ತೇವೆ. ಬೆಳಗಾವಿ ನಮ್ಮಲ್ಲೇ ಇರಬೇಕು ಅಂತ ಅದು ಹೇಳಿತು, ನಿಜ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಊರುಗಳು ನಮಗೆ ಬರಬೇಕು ಅಂತಲೂ ಹೇಳಿತು. ಆದರೆ ಅದೇ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂದಿತ್ತು. ಇದನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಮಹಾರಾಷ್ಟ್ರ ಇಡೀ ವರದಿಯನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ವರದಿ ಜಾರಿಗೆ ಬರಲೇ ಇಲ್ಲ, ಗಡಿ ಇದ್ದಲ್ಲೇ ಇದೆ.

ಇದರ ಬಿಸಿ ವರ್ಷದಲ್ಲಿ ಕೆಲವು ದಿನ ತಟ್ಟುತ್ತದೆ. ನವೆಂಬರ್ 1 ನಮಗೆ ರಾಜ್ಯೋತ್ಸವ, ಮರಾಠಿ ಸಂಘಟನೆಗಳಿಗೆ ಕಪ್ಪು ದಿನ. ಜನವರಿ 17ರಂದು ಅವರು 1956ರ ಗಡಿ ಚಳವಳಿಯಲ್ಲಿ ಸತ್ತವರನ್ನು ನೆನೆಯುತ್ತಾರೆ. ಬೆಳಗಾವಿಯಲ್ಲಿ ಅಧಿವೇಶನ ನಡೆಯುವಾಗ ಮಾತು ಜೋರಾಗುತ್ತದೆ. ಆಗ ಎಲ್ಲಾದರೂ ಬಸ್ಸಿಗೆ ಮಸಿ ಬಳಿಯುತ್ತಾರೆ, ಎರಡು ರಾಜ್ಯದ ಬಸ್ಸುಗಳು ಒಂದೆರಡು ದಿನ ಗಡಿಯಲ್ಲೇ ನಿಲ್ಲುತ್ತವೆ. ಅಂಥ ದಿನ ಕೊಲ್ಹಾಪುರದ ಪ್ರಯಾಣ ಇಟ್ಟುಕೊಳ್ಳಬೇಡಿ. ಬಾಕಿ ದಿನಗಳಲ್ಲಿ ಜನ ಬಸ್ಸಿನ ಲೆಕ್ಕ ಬೇರೆಯೇ ಮಾಡುತ್ತಾರೆ: ನಮ್ಮ ಸಾರಿಗೆ ಬಸ್ಸಿನಲ್ಲಿ ಕರ್ನಾಟಕದೊಳಗೆ ಹೆಂಗಸರಿಗೆ ಟಿಕೆಟ್ ಇಲ್ಲ, ಆ ಕಡೆಯ ಸರ್ಕಾರಿ ಬಸ್ಸು ಎಸ್‌ಟಿಯಲ್ಲಿ ಅರ್ಧ ಟಿಕೆಟ್. ಎರಡೂ ಯೋಜನೆ 2023ರಲ್ಲಿ ಬಂದವು.

ಗಡಿಯ ಸುದ್ದಿ ಬಂದಾಗ ಟಿವಿಯವರು ನಿಪ್ಪಾಣಿಯ ಒಂದು ಕಥೆಯನ್ನು ಎಂದೂ ತೋರಿಸುವುದಿಲ್ಲ. ಆ ಊರು ನಿಂತಿರುವುದು ತಂಬಾಕಿನ ಮೇಲೆ. ಸುತ್ತಲ ಕಪ್ಪು ನೆಲದಲ್ಲಿ ಬೀಡಿ ತಂಬಾಕು ಬೆಳೆಯುತ್ತದೆ. ಅದನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವ ವಖಾರಿಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ದುಡಿಯುತ್ತಿದ್ದವರು ಹೆಚ್ಚಿನಂಶ ಹೆಂಗಸರು. ಆ ಘಾಟಿನಲ್ಲಿ ಉಸಿರಾಡುವುದೇ ಕಷ್ಟ. ಕೂಲಿ ಎಷ್ಟು ಕಡಿಮೆ, ಮಾಲೀಕರ ದಬ್ಬಾಳಿಕೆ ಎಷ್ಟು ಅಂತ ಅವರು ಒಟ್ಟಾಗಿ ಸಂಘ ಕಟ್ಟಿದರು. 1982ರಲ್ಲಿ ಬೆಂಗಳೂರಿನ ಯುಗಾಂತರ್ ಅನ್ನುವ ಹೆಣ್ಣುಮಕ್ಕಳ ತಂಡ ಅವರ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿತು. ಅದರ ಹಿಂದಿನ ವರ್ಷ ತಂಬಾಕು ಬೆಳೆಗಾರರು ಬೆಲೆಗಾಗಿ ಎದ್ದಿದ್ದರು. ಮುಂದೆ ನಿಂತವರು ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ. ಹೆದ್ದಾರಿಯ ಮೇಲೆ ಎತ್ತಿನ ಗಾಡಿ ತಂದು ಕೂತ ರೈತರು ಕರ್ನಾಟಕದವರು, ಅವರ ಮಾತು ಕನ್ನಡವೂ ಹೌದು, ಮರಾಠಿಯೂ ಹೌದು. 1981ರ ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಸತ್ತರು. ಊರಿನ ಹಿರಿಯರು ಈಗಲೂ ಆ ದಿನ ಹೇಳುವಾಗ ಸತ್ತವರು ಯಾವ ಭಾಷೆಯವರು ಅಂತ ಎತ್ತುವುದಿಲ್ಲ. ನಿಮ್ಮವರು ಬ್ಯಾಂಕಿನಲ್ಲಿ ಕೂರುವವರು. ಮುಂದೆ ಬರುವ ರೈತರಿಗೆ, ಬೀಡಿ ಕಟ್ಟುವ ಹೆಂಗಸರಿಗೆ ಈ ನೆನಪು ಇರುತ್ತದೆ ಅಂತ ಅವರಿಗೆ ಗೊತ್ತಿದ್ದರೆ ಒಳ್ಳೆಯದು.

ಇನ್ನು ನಿತ್ಯದ ಬದುಕು. ಊಟದ ಚಿಂತೆ ಇಲ್ಲ. ಜೋಳದ ರೊಟ್ಟಿ ಅಲ್ಲಿ ಭಾಕ್ರಿ, ಝುಣಕ ಇಬ್ಬರಿಗೂ ಸೇರಿದ್ದು. ಖಾರ ಮಾತ್ರ ನಿಮ್ಮ ಕಡೆಗಿಂತ ಜಾಸ್ತಿ, ಸಂಕೇಶ್ವರದ ಮೆಣಸಿನಕಾಯಿ ಪಕ್ಕದಲ್ಲೇ ಇದೆ. ರಜೆಯ ವಿಷಯ ಒಂದು ತಿಳಿದಿರಲಿ. ನಮ್ಮ ಶಾಲೆಗಳಿಗೆ ದಸರಾ ರಜೆ ದೊಡ್ಡದು, ಆ ಕಡೆ ದೀಪಾವಳಿ ರಜೆ ದೊಡ್ಡದು. ನಮ್ಮಲ್ಲಿ ಶಾಲೆ ಮೇ ಕೊನೆಗೋ ಜೂನ್ ಮೊದಲಿಗೋ ಶುರುವಾದರೆ ಅವರಲ್ಲಿ ಜೂನ್ ಮಧ್ಯಕ್ಕೆ. ನಿಪ್ಪಾಣಿಯ ಮಗುವಿಗೂ ಕಾಗಲ್‌ನ ಸೋದರತ್ತೆಯ ಮಗನಿಗೂ ರಜೆ ಒಟ್ಟಿಗೆ ಸಿಗುವುದೇ ಅಪರೂಪ. ಪುಸ್ತಕದ ವಿಷಯದಲ್ಲಿ ಮಾತ್ರ ಎರಡೂ ಸರ್ಕಾರ ಒಂದೇ ರೀತಿ ನಡೆದುಕೊಂಡಿವೆ. ನಮ್ಮ ಪಠ್ಯಪುಸ್ತಕ ಸಂಘ ಮರಾಠಿ ಮಾಧ್ಯಮದ ಪುಸ್ತಕ ಅಚ್ಚು ಹಾಕುತ್ತದೆ, ಅವರ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕ ಅಚ್ಚು ಹಾಕುತ್ತದೆ. ಗಡಿಯಾಚೆಯ ಜತ್ತ, ಅಕ್ಕಲಕೋಟೆಯ ಕನ್ನಡ ಮಕ್ಕಳು ಓದುವುದು ಅದನ್ನೇ.

ಜಾತ್ರೆಗೆ ಹೋಗಿ ಬನ್ನಿ. ನಿಮಗೆ ಮೈಲಾರದ ಕಾರ್ಣಿಕ ಗೊತ್ತು. ನಿಪ್ಪಾಣಿ ಪಕ್ಕದ ಅಪ್ಪಾಚಿವಾಡಿ–ಕುರ್ಲಿಯಲ್ಲಿ ಹಾಲಸಿದ್ಧನಾಥನ ಜಾತ್ರೆ ಆಗುತ್ತದೆ. ಅಲ್ಲಿಯೂ ಭಂಡಾರ ಹಾರುತ್ತದೆ, ಡೊಳ್ಳು ಬಡಿಯುತ್ತಾರೆ, ಮುಂದಿನ ವರ್ಷದ ಮಳೆ ಬೆಳೆಯ ನುಡಿ ಹೊರಡುತ್ತದೆ. ಅದಕ್ಕೆ ಅಲ್ಲಿ ಭಾಕಣೂಕ ಅನ್ನುತ್ತಾರೆ. ಎರಡೂ ರಾಜ್ಯದ ಜನ ಕೇಳಲು ಸೇರುತ್ತಾರೆ. ಅಲ್ಲಿ ನಿಂತಾಗ ನೀವು ಪರಊರಿಗೆ ಬಂದಿದ್ದೀರಿ ಅಂತ ಅನಿಸುವುದಿಲ್ಲ. ಹಾಗೆಯೇ ಸವದತ್ತಿ ಎಲ್ಲಮ್ಮನಿಗೆ, ಚಿಂಚಲಿ ಮಾಯಕ್ಕನಿಗೆ ಕೊಲ್ಹಾಪುರ, ಸಾಂಗಲಿಯಿಂದ ಗಾಡಿಗಟ್ಟಲೆ ಜನ ಬರುತ್ತಾರೆ.

ಮೇ ಕೊನೆಗೆ ಹೊರಡುತ್ತೀರಿ ಅಂದಿರಿ. ಹಾಗಾದರೆ ಹೋದ ಸುಮಾರು ತಿಂಗಳೊಳಗೆ ಕಾರಹುಣ್ಣಿಮೆ. ಕೊಲ್ಹಾಪುರದ ಕಡೆ ಈ ಎತ್ತಿನ ಹಬ್ಬಕ್ಕೆ ಬೆಂದೂರ್ ಅನ್ನುತ್ತಾರೆ. ಅವರಲ್ಲಿ ಎರಡು ಬೆಂದೂರ್ ಇವೆ. ಆಷಾಢದಲ್ಲಿ ಬರುವುದು ಮಹಾರಾಷ್ಟ್ರದ ಬೆಂದೂರ್. ಜ್ಯೇಷ್ಠ ಹುಣ್ಣಿಮೆಗೆ ಬರುವ ನಮ್ಮ ಕಾರಹುಣ್ಣಿಮೆಗೆ ಅವರು ಇಟ್ಟ ಹೆಸರು 'ಕರ್ನಾಟಕಿ ಬೆಂದೂರ್'. ಗಡಿಯ ಆಚೆಯ ಎಷ್ಟೋ ಹಳ್ಳಿಗಳು ಈ ಕರ್ನಾಟಕಿಯನ್ನೇ ಆಚರಿಸುತ್ತವೆ. ಆ ವಾರ ಪೇಟೆಯಲ್ಲಿ ಮಣ್ಣಿನ ಎತ್ತು ಮಾರಲು ಕೂತಿರುತ್ತಾರೆ. ಮಗಳ ಕೈಯಲ್ಲಿ ದುಡ್ಡು ಕೊಟ್ಟು ಒಂದು ಜೊತೆ ತರಲು ಕಳಿಸಿ. ನೀವು ಸ್ವಲ್ಪ ಹಿಂದೆ ನಿಂತುಕೊಳ್ಳಿ, ಬೆಲೆ ಅವಳೇ ಕೇಳಲಿ.